ಬೆಚ್ಚಗಿನ ನೀರಿನಲ್ಲಿಟ್ಟ ಕ್ಯೂಬುಗಳು

ರಂಗಸ್ವಾಮಣ್ಣ, ಬಿಳಿಗೆರೆಯ ಆ ಮೋಲ್ಡ್ ಬಿರುಕು ಬಿಟ್ಟದ್ದು ನಿಮ್ಮ ಕೆಲಸದಿಂದಲ್ಲ, ನನ್ನಿಂದ. ನೀವು ಮೇಸ್ತ್ರಿ, ನಾನು ಎಂಜಿನಿಯರ್. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಶಿವಣ್ಣನವರು ಕೊಬ್ಬರಿಗೆ ಕಾಯಿ ತುಂಬಲು ಕಟ್ಟಿಸುತ್ತಿದ್ದ ಅಟ್ಟಕ್ಕೆ ಕಾಂಕ್ರೀಟಿನ ಮೋಲ್ಡ್ ಹಾಕಿದಾಗ ಧನುರ್ಮಾಸದ ಚಳಿ. ಕಾಂಕ್ರೀಟಿಗೆ ನೀರುಣಿಸಿದರೆ ಸಾಲದು, ಹದವಾದ ಬಿಸುಪೂ ಬೇಕು. ಚಳಿಯಲ್ಲಿ ಅದು ನಿಧಾನವಾಗಿ ಬಲಿಯುತ್ತದೆ. ಮೋಲ್ಡನ್ನು ಹೊತ್ತು ನಿಂತ ಸೆಂಟ್ರಿಂಗ್ ಹಲಗೆ, ಕಂಬಗಳನ್ನು ಯಾವಾಗ ಬಿಚ್ಚಬಹುದೆಂದು ತಿಳಿಯಲು, ಅದೇ ಕಾಂಕ್ರೀಟ್ ತುಂಬಿದ ಪರೀಕ್ಷೆಯ ಕ್ಯೂಬುಗಳನ್ನು ಮೋಲ್ಡಿನ ಪಕ್ಕದಲ್ಲೇ, ಅದೇ ಚಳಿಯಲ್ಲಿ ಬಿಡಬೇಕಿತ್ತು. ನಾನು ಬಿಡಲಿಲ್ಲ — ತಿಪಟೂರಿನ ನಮ್ಮ ಮನೆಗೆ ತಂದು ಬಚ್ಚಲೊಲೆಯ ಪಕ್ಕ ಬೆಚ್ಚಗಿನ ನೀರಿನಲ್ಲಿ ಮುಳುಗಿಸಿಟ್ಟೆ. ಬೇಗ ಬಲಿತವು, ಪರೀಕ್ಷೆಯಲ್ಲಿ ಗೆದ್ದವು. ಆ ಕಂಬಗಳು ನನಗೆ ತುರುವೇಕೆರೆಯ ಇನ್ನೊಂದು ಸೈಟಿಗೆ ಬೇಕಿದ್ದವು — ಅಷ್ಟೇ.

"ಚಳಿ ಬಾಳ ಐತೆ. ಬಿಚ್ಬೋದಾ, ಮೇಡಂ?" ಎಂದು ಕೇಳಿದಿರಿ.

"ಕ್ಯೂಬ್ ಪಾಸಾಗಿದೆ. ಬಿಚ್ಸಿ," ಎಂದೆ.

ನೀವು ನಂಬಿದಿರಿ. ಕಾಯಿ ತುಂಬಿದ ಮೇಲೆ ಮೋಲ್ಡ್ ನಡುವೆ ಜೋತು ಬಿರುಕು ಬಿಟ್ಟಿತು. ಕೆಳಗೆ ಕಾಯಿ ಸುಲಿಯುತ್ತಿದ್ದವರು ಸದ್ದು ಕೇಳಿ ಓಡಿ ಬದುಕಿಕೊಂಡರು. ಶಿವಣ್ಣನವರು ತಮ್ಮ ಅಂಗಳದಲ್ಲಿ, ಊರವರ ಮುಂದೆ ಕಾರಣ ಕೇಳಿದಾಗ, ನಿಮ್ಮೆದುರಿಗೇ — "ಮೇಸ್ತ್ರಿ ಕಲಸಿದ್ದು ಸರಿಯಿಲ್ಲ, ನೀರು ಜಾಸ್ತಿಯಾಗಿದೆ" ಎಂದೆ. ನೀವು ನನ್ನ ಮುಖ ನೋಡಿದಿರಿ. ಆಮೇಲೆ ಸುತ್ತಿನ ಊರುಗಳಲ್ಲಿ ಯಾರೂ ನಿಮಗೆ ಮೋಲ್ಡ್ ಕೆಲಸ ಕೊಡಲಿಲ್ಲ. ದಂಡಿನಶಿವರದಲ್ಲಿ ನೀವು ಬೇರೊಬ್ಬ ಮೇಸ್ತ್ರಿಯ ಕೈಕೆಳಗೆ ಇಟ್ಟಿಗೆ ಹೊರುವುದನ್ನು ಕಂಡೂ ಸ್ಕೂಟರ್ ನಿಲ್ಲಿಸದೆ ಹೋದವಳು ನಾನು.

ಹೋದ ವಾರ ಶಿವಣ್ಣನವರು ಮಗಳ ಮನೆಗೆ ಪ್ಲಾನ್ ಬರೆಸಲು ಬಂದಿದ್ದರು. "ಆ ರಂಗಸ್ವಾಮಿ ಮಾತ್ರ ಬ್ಯಾಡ ಕಣಮ್ಮ," ಎಂದರು. ಆ ಮಾತು ಇನ್ನೊಮ್ಮೆ ಕೇಳಿಸಿಕೊಂಡು ಸುಮ್ಮನಿರಲು — ಆಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

"ಆವಯ್ಯನ್ನ ಊರೋರ ಮುಂದೆ ಬೈದ್ನಲ್ಲಮ್ಮ ನಾನು," ಎಂದು ಶಿವಣ್ಣನವರು ಎದ್ದು ಹೋದರು. ಪ್ಲಾನಿನ ಮಾತು ಮತ್ತೆ ಎತ್ತಲಿಲ್ಲ. ಎತ್ತಬಾರದು ಕೂಡ.

ಕ್ಷಮಿಸಿ ಎಂದು ಕೇಳುವ ಬಾಯಿ ನನಗಿಲ್ಲ. ನಾಳೆ ಬಿಳಿಗೆರೆಗೆ ಹೋಗಿ, ನಿಮ್ಮ ಹೆಸರು ಕೆಡಿಸಿದ ಅಂಗಳದಲ್ಲೇ ನಿಂತು, ಊರವರಿಗೆಲ್ಲ ಕೇಳುವಂತೆ ಹೇಳುತ್ತೇನೆ. ಅಲ್ಲಿಂದ ನೇರ ನಿಮ್ಮ ಮನೆಗೆ. ನೀವು ಬಾಗಿಲು ತೆರೆಯದಿದ್ದರೂ ಸರಿ — ಹೊರಗೆ ನಿಂತೇ ಹೇಳುತ್ತೇನೆ.