ಉಷಾಳನ್ನು ಮೂಡುಬಿದಿರೆಗೆ ಒಯ್ದದ್ದು

ಬೆಳ್ತಂಗಡಿಯಿಂದ ನಾವು ಹೊರಟದ್ದು ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಏಳು ಗಂಟೆಯ ಬಸ್ಸಿಗೆ. ಅರುವತ್ತನೆಯ ಇಸವಿಯ ಆಸುಪಾಸಿನ ಮಾತು. ನಾವು ಎಂದರೆ ನಾನು ಮತ್ತು ನನ್ನ ತಂಗಿ ವಾರಿಜಳ ಮಗಳು ಉಷಾ. ಉಷಾಳಿಗೆ ಒಂಬತ್ತು ತಿಂಗಳು. ನನ್ನ ಕೈಯಲ್ಲಿ ಬಟ್ಟೆಯ ಗಂಟು, ಒಂದು ಗಿಂಡಿ ಕುದಿಸಿದ ನೀರು, ಮಗುವಿಗೆಂದು ಮಾಡಿದ ರಾಗಿ ಮಣ್ಣಿಯ ಡಬ್ಬ.

ಹೆರಿಗೆಯಾಗಿ ಎರಡು ತಿಂಗಳಿಗೆ ವಾರಿಜಳಿಗೆ ಜ್ವರ ಹಿಡಿದು ಕಾಲಿನ ಬಲವೇ ಹೋಗಿತ್ತು. ಔಷಧಿಗೆಂದು ಅವಳನ್ನು ಮೂಡುಬಿದಿರೆಯ ಗಂಡನ ಮನೆಗೆ ಕರೆದುಕೊಂಡು ಹೋದರು. ಮಗು ನನ್ನ ಹತ್ತಿರ ಉಳಿಯಿತು. ನಾನು ಗಂಡ ತೀರಿಕೊಂಡವಳು, ಮಕ್ಕಳಿಲ್ಲದವಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿ ಬದುಕಿದವಳು. ಏಳು ತಿಂಗಳು ಉಷಾ ನನ್ನ ಬೀಡಿಯ ಮೊರದ ಪಕ್ಕದಲ್ಲೇ ಬೆಳೆದಳು. ಮಗುವನ್ನು ಕರೆತರಬಹುದೆಂದು ವಾರಿಜ ಎರಡು ಸಲ ಬರೆದಿದ್ದಳು. ಒಂದು ಸಲ ಮಗುವಿಗೆ ಶೀತವೆಂದೆ, ಇನ್ನೊಂದು ಸಲ ಮಳೆಯೆಂದೆ. ಶೀತ ಎರಡೇ ದಿನದಲ್ಲಿ ಹೋಗಿತ್ತು.

ಮೂರನೆಯ ಕಾಗದಕ್ಕೆ ನೆಪ ಸಿಗಲಿಲ್ಲ. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ವಾರಿಜಳ ಗಂಡ ಮಗುವಿಗೊಂದು ತಳ್ಳುವ ಗಾಡಿ ಕಳಿಸಿದ್ದರು. ಅದು ಬಂಟ್ವಾಳದಲ್ಲಿ ನಮ್ಮ ಸೋದರಮಾವನ ಅಂಗಡಿಗೆ ಬಂದಿತ್ತು. ವಾರಿಜ ಬರೆದಿದ್ದಳು: "ಅಕ್ಕಾ, ಗಾಡಿಯಲ್ಲಿ ಅವಳ ಮುಖ ಮುಂದಕ್ಕೆ ಮಾಡಿ ತಾ. ನಾನು ಜಗಲಿಯಲ್ಲಿ ಕೂತಿರುತ್ತೇನೆ. ಬೀದಿಯ ಕೊನೆಯಿಂದಲೇ ನನಗೆ ಅವಳ ಮುಖ ಕಾಣಬೇಕು."

ಬಂಟ್ವಾಳಕ್ಕೆ ಇಪ್ಪತ್ತು ಮೈಲಿ ಚಿಲ್ಲರೆ. ಪುಂಜಾಲಕಟ್ಟೆಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಉಷಾ ಎದ್ದು, ಪಕ್ಕದಲ್ಲಿದ್ದವರ ಹರಿವೆ ಕಟ್ಟಿನಿಂದ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡಳು. ಹತ್ತೂವರೆಗೆ ಮಾವನ ಅಂಗಡಿ ಸೇರಿದೆವು.

ಗಾಡಿ ಅಕ್ಕಿ ಮೂಟೆಗಳ ನಡುವೆ ನಿಂತಿತ್ತು. ನಾಲ್ಕು ಚಕ್ರ, ಮಡಚುವ ನೀಲಿ ಕೊಡೆ. ಮಾವ ಅದರಲ್ಲಿ ಬೆಲ್ಲದ ಅಚ್ಚುಗಳನ್ನಿಟ್ಟು ಅಂಗಡಿಯೊಳಗೆ ತಳ್ಳಿ ನೋಡಿದ್ದರಂತೆ. ಕೊಕ್ಕೆ ಬಿಡಿಸಿ ಹಿಡಿಕೆಯನ್ನು ಆಚೆಗೆ ಮಗುಚಿದರೆ ಮಗು ದಾರಿ ನೋಡುತ್ತದೆ, ಈಚೆಗೆ ಮಗುಚಿದರೆ ತಳ್ಳುವವರ ಮುಖ ನೋಡುತ್ತದೆ. ಸಾಮಾನಿಗೆ ಬಂದವರೆಲ್ಲ ಅಲ್ಲೇ ನಿಂತು ಚರ್ಚೆಗಿಳಿದರು.

"ಮುಂದೆ ನೋಡ್ಲಿ ಮಾರಾಯ್ತಿ," ಎಂದರು ಒಣಮೀನಿನ ವ್ಯಾಪಾರದ ಬ್ಯಾರಿಯೊಬ್ಬರು. "ಹಿಂದೆ ಮುಖ ಮಾಡಿ ಕೂತ್ರೆ ನನಗೇ ವಾಂತಿ ಬರ್ತದೆ, ಇದು ಸಣ್ಣ ಬಾಲೆ."

"ನಿಮಗೆ ಮುಂದೆ ಕೂತರೂ ಬರ್ತದೆ, ಕಳೆದ ವಾರ ನೋಡಿದ್ದೇನೆ," ಎಂದರು ಮಾವ.

ಎಣ್ಣೆಗೆ ಬಂದಿದ್ದ ಮುದುಕಿಯೊಬ್ಬರು ಗದರಿದರು: "ಮುಂದೆ ಮಾಡಿದ್ರೆ ದಾರಿಯವರ ದೃಷ್ಟಿ ಎಲ್ಲ ಇದರ ಮೇಲೇ ಬೀಳ್ತದೆ. ನಿನ್ನ ಕಡೆ ತಿರುಗಿಸು ಮಗಾ. ಕೆನ್ನೆಗೆ ಒಂದು ಕಪ್ಪು ಬೊಟ್ಟೂ ಇಡು."

ನನಗೆ ಬೇಕಾದ ಮಾತು ಸಿಕ್ಕಿತು. ಬೊಟ್ಟಿಟ್ಟೆ. ಹಿಡಿಕೆಯನ್ನು ಈಚೆಗೆ ಮಗುಚಿದೆ.

ಆ ದಿನ ಮಾವನ ಮನೆಯಲ್ಲೇ ಉಳಿದು, ಮರುದಿನ ಊಟ ಮುಗಿಸಿ ಮೂಡುಬಿದಿರೆಯ ಬಸ್ಸು ಹತ್ತಿದೆವು. ಕಂಡಕ್ಟರು ಮಗುವಿಗೆ ಟಿಕೆಟಿಲ್ಲ, ಗಾಡಿಗೆ ಉಂಟು ಎಂದರು. "ಗಾಡಿಯ ಮೇಲೆ ಗಾಡಿ ಹೋಗ್ತದಲ್ಲ ಅಕ್ಕ, ಪುಕ್ಕಟೆ ಹೇಗೆ?" ಎಂದು ನಗುತ್ತಲೇ ಅದನ್ನು ಮೇಲೆ ಕಟ್ಟಿಸಿದರು. ಸಿದ್ಧಕಟ್ಟೆ ದಾಟುವಾಗ ಟಯರು ಒಡೆಯಿತು. ಅರ್ಧ ಗಂಟೆಯ ಕೆಲಸವೆಂದರು. ಉಷಾ ಸೆಕೆಗೆ ಹಠ ಹಿಡಿದಿದ್ದಳು. "ಗಾಡಿ ಇಳಿಸಿ ಕೊಡ್ತೇನೆ, ಮೆಲ್ಲ ನಡೀತಾ ಇರಿ, ದಾರಿಯಲ್ಲಿ ಹತ್ತಿಸಿಕೊಳ್ತೇವೆ," ಎಂದರು ಕಂಡಕ್ಟರು.

ಕೆಂಪು ಮಣ್ಣಿನ ರಸ್ತೆ, ಎರಡೂ ಕಡೆ ಕೊಯ್ದ ಗದ್ದೆ. ಯಾರೂ ಇಲ್ಲದ ಕಡೆ ನಾನು ಕೊಕ್ಕೆ ಬಿಡಿಸಿ ಹಿಡಿಕೆಯನ್ನು ಆಚೆಗೆ ಮಗುಚಿದೆ. ವಾರಿಜ ಹೇಳಿದಂತೆ ಒಮ್ಮೆ ಮಾಡಿ ನೋಡುವ ಎಂದು. ಉಷಾ ಸುಮ್ಮನಾದಳು. ಆಮೇಲೆ ಕೇಕೆ ಹಾಕಿದಳು. ಗದ್ದೆಯಲ್ಲಿ ದನಗಳಿದ್ದವು, ಬೆಳ್ಳಕ್ಕಿಗಳಿದ್ದವು. ಅವಳು ಎರಡು ಕೈಯನ್ನೂ ಬಡಿಯುವುದು ಕೇಳುತ್ತಿತ್ತು. ನನಗೆ ಕಾಣುತ್ತಿದ್ದುದು ನೀಲಿ ಕೊಡೆ ಮಾತ್ರ. "ಉಷಾ" ಎಂದು ಕರೆದೆ. ಇನ್ನೊಮ್ಮೆ ಕರೆದೆ. ಕೊಡೆಯ ಅಂಚಿನಿಂದ ಅವಳ ಮುಖ ಇಣುಕಲಿಲ್ಲ. ನಾನಿಲ್ಲದೆಯೂ ಅವಳು ಇಷ್ಟು ಸಂತೋಷವಾಗಿರಬಲ್ಲಳು ಎಂದು ಅದುವರೆಗೆ ನನಗೆ ಹೊಳೆದಿರಲಿಲ್ಲ.

ಒಂದು ಫರ್ಲಾಂಗು ಹೋಗಿರಬೇಕು. ಗಾಡಿ ನಿಲ್ಲಿಸಿ ಹಿಡಿಕೆಯನ್ನು ಮತ್ತೆ ಈಚೆಗೆ ತಂದೆ. ದನಗಳು ಮರೆಯಾದದ್ದಕ್ಕೆ ಅವಳು ಅತ್ತಳು. ನಾನು ಮುಖ ಸೊಟ್ಟ ಮಾಡಿ ನಗಿಸಿದೆ. ಬಸ್ಸು ಬರುವ ತನಕ, ಒಂದೂವರೆ ಮೈಲಿ, ಅವಳು ನನ್ನನ್ನೇ ನೋಡುವಂತೆ ಮಾಡಿದೆ.

ಮೂಡುಬಿದಿರೆಯಲ್ಲಿ ಇಳಿಯುವಾಗ ನಾಲ್ಕು ಗಂಟೆ. ಬಸದಿಗಳ ಬೀದಿ ದಾಟಿ, ಕೇಳಿಕೊಂಡು ಕೇಳಿಕೊಂಡು ವಾರಿಜಳ ಮನೆಯ ಬೀದಿಯ ತಿರುವಿಗೆ ಬಂದೆ. ಅಲ್ಲಿ ನಿಂತೆ. ಕೈ ಕೊಕ್ಕೆಯ ಮೇಲಿತ್ತು. ಬಿಡಿಸಿ ಮಗುಚಲು ಎಷ್ಟು ಹೊತ್ತು ಬೇಕು? ನಾನು ಮಗುಚಲಿಲ್ಲ. ಹಾಗೆಯೇ ತಳ್ಳಿದೆ.

ವಾರಿಜ ಕೂತಿರಲಿಲ್ಲ. ಜಗಲಿಯ ಕಂಬ ಹಿಡಿದು ನಿಂತಿದ್ದಳು. ನಾನು ಬರುವ ಅಷ್ಟು ದೂರವೂ ಅವಳು ನೋಡಿದ್ದು ಕೊಡೆಯ ಬೆನ್ನನ್ನು.

"ಮುಖ ಎಲ್ಲಿ ಅಕ್ಕಾ?"

"ಬಿಸಿಲು ಕಣ್ಣಿಗೆ ಹೊಡೀತದೆ ಅಂತ ತಿರುಗಿಸಿದೆ," ಎಂದೆ.

ಬಿಸಿಲು ನನ್ನ ಬೆನ್ನ ಹಿಂದಿನಿಂದ ಬೀಳುತ್ತಿತ್ತು. ನಾನು ಹಾಗೆ ತಿರುಗಿಸಿದ್ದರಿಂದಲೇ ಉಷಾ ಕಣ್ಣು ಕಿರಿದು ಮಾಡಿ ಕೂತಿದ್ದಳು. ವಾರಿಜ ಮೆಟ್ಟಿಲಿಳಿದು ಬಂದು, ಗಾಡಿಯ ಅಂಚು ಹಿಡಿದು ಬಗ್ಗಿ, ಮಗುವಿನ ಕಣ್ಣಿಗೆ ತನ್ನ ಅಂಗೈ ಅಡ್ಡ ಹಿಡಿದಳು.

ಎತ್ತಿಕೊಂಡಾಗ ಉಷಾ ಚೀರಿದಳು. ತಾಯಿಯ ಹೆಗಲ ಮೇಲಿಂದ ನನ್ನ ಕಡೆ ಕೈ ಚಾಚಿದಳು. ನಾನು ಒಂದು ಗಳಿಗೆ ತಡೆಯಬಹುದಿತ್ತು, ಕಂಬದ ಆಚೆ ಹೋಗಿ ನಿಲ್ಲಬಹುದಿತ್ತು. ನಾನು ಕೂಡಲೇ ಕೈ ಒಡ್ಡಿದೆ. ಮಗು ನನ್ನ ಎದೆಗೆ ಬಂದು ಸುಮ್ಮನಾದಾಗ ನನಗೆ ಸಂತೋಷವಾಯಿತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

"ಗುರ್ತ ಸಿಗ್ಲಿಕ್ಕೆ ಎರಡು ದಿನ ಬೇಕು," ಎಂದರು ವಾರಿಜಳ ಅತ್ತೆ. "ನೀವು ಕಾಲು ತೊಳೀರಿ, ಅವಲಕ್ಕಿ ಕಲಸಿಟ್ಟಿದ್ದೇನೆ."

ಉಪಾಯ ಕಂಡುಕೊಂಡವಳು ವಾರಿಜಳೇ. ಮರುದಿನ ಅವಳು ಗೋಡೆಗೊರಗಿ ಕೂತು, ಮಗುವಿನ ಬೆನ್ನು ತನ್ನ ಎದೆಗೆ ಬರುವಂತೆ ಮಡಿಲಲ್ಲಿ ಕೂರಿಸಿಕೊಂಡಳು. "ನೀನು ಎದುರು ಕೂತ್ಕೋ ಅಕ್ಕಾ. ಅವಳು ನಿನ್ನನ್ನೇ ನೋಡ್ತಾ ಇರ್ಲಿ. ನಾನು ಬರೀ ಹಿಡ್ಕೊಳ್ತೇನೆ." ಉಷಾ ನನ್ನನ್ನು ನೋಡುತ್ತ, ಹೆತ್ತವಳ ಬಿಸಿಗೆ ಒರಗಿ ಮಣ್ಣಿ ತಿಂದಳು. ಸಂಜೆಯ ಹೊತ್ತಿಗೆ ತಲೆ ಎತ್ತಿ, ತನ್ನನ್ನು ಹಿಡಿದವಳು ಯಾರೆಂದು ಕೆಳಗಿನಿಂದ ನೋಡಿದಳು. ವಾರಿಜ ಉಸಿರು ಬಿಗಿಹಿಡಿದಿದ್ದಳು. ಮಗು ಅಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಹೊರಟೆ. ವೇಣೂರಿನ ಮೇಲೆ ಹೋಗುವ ಬಸ್ಸು ಎಂಟಕ್ಕೆ. ಬಸ್‌ಸ್ಟ್ಯಾಂಡಿನ ತನಕ ತಾನೂ ಬರುತ್ತೇನೆಂದಳು ವಾರಿಜ. ಗಾಡಿಯ ಹಿಡಿಕೆ ಆಸರೆಗಿದ್ದರೆ ಅವಳಿಗೆ ನಡೆಯಲಾಗುತ್ತಿತ್ತು. ಅಂಗಳಕ್ಕೆ ಗಾಡಿ ಇಳಿಸುವಾಗ ನಾನು ಹೇಳಿಬಿಟ್ಟೆ.

"ವಾರಿಜಾ, ಆ ದಿನ ತಿರುಗಿಸಿದ್ದು ಬಿಸಿಲಿಗೆ ಅಲ್ಲ."

"ಗೊತ್ತುಂಟು. ಬಿಸಿಲು ನಿನ್ನ ಬೆನ್ನಿಗಿತ್ತು." ಅವಳು ಕೊಡೆಯ ಧೂಳು ಒರೆಸುತ್ತಿದ್ದಳು. "ನನಗೆ ತುಂಬ ಸಿಟ್ಟು ಬಂದಿತ್ತು ಅಕ್ಕಾ. ಈಗ್ಲೂ ಸ್ವಲ್ಪ ಉಂಟು." ಆಮೇಲೆ ಕೊಕ್ಕೆಗೆ ಕೈ ಹಾಕಿ ಕೇಳಿದಳು: "ಈಗ ಯಾವ ಕಡೆ ಮಾಡುವ? ಮುಂದೆ ಮಾಡಿದ್ರೆ ದಾರಿಯುದ್ದ ನೀನು ಅವಳ ಎದುರಿಗೆ ನಡೀಬಹುದು."

"ನಿನ್ನ ಕಡೆ ಮಾಡು," ಎಂದೆ.

ದಾರಿಯುದ್ದ ನಾನು ಎರಡು ಹೆಜ್ಜೆ ಹಿಂದೆಯೇ ನಡೆದೆ. ಬಸ್ಸು ಹತ್ತಿ ಕಿಟಕಿಯ ಬಳಿ ಕೂತೆ. ಕೆಳಗೆ ವಾರಿಜ ಬಗ್ಗಿ ಕೊಡೆಯೊಳಗೆ ಏನೋ ಮಾತಾಡುತ್ತಿದ್ದಳು. ಹೆಸರು ಹಿಡಿದು ಕರೆದರೆ ಮಗುವಿಗೆ ಕೇಳುವಷ್ಟು ಹತ್ತಿರ. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ಬಸ್ಸು ಹೊರಟು ತಿರುಗುವಾಗ ಕೊಡೆಯೊಳಗಿಂದ ಒಂದು ಸಣ್ಣ ಕೈ ಹೊರಗೆ ಬಂದು ವಾರಿಜಳ ಬಳೆಯನ್ನು ಹಿಡಿದುಕೊಂಡಿತು.