ಮಟಕಿಯ ಗೌಸಿಯಾಬೇಗಂ ಮತ್ತು ಸರ್ಕಾರದ ಹೀಲಿಯಂ

ಬೆಳಗಿನ ಐದೂವರೆ. ರಸ್ತೆಯ ಮೇಲೆ ಭೂಸನೂರಿನ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಏದುಸಿರು ಬಿಡುತ್ತ ಸಾಗಿವೆ. ರಸ್ತೆಯಿಂದ ಅರ್ಧ ಫರ್ಲಾಂಗು ಒಳಗೆ, ತಗಡಿನ ಎತ್ತರದ ಮಾಡಿನ ಕೆಳಗೆ, ಐವತ್ತೆರಡು ವರ್ಷದ ಗೌಸಿಯಾಬೇಗಂ ಮೊಣಕಾಲೂರಿ ಕೂತಿದ್ದಾರೆ. ಎಡಗೈಯಲ್ಲಿ ಸೋಪಿನ ನೀರಿನ ಡಬ್ಬಿ, ಬಲಗೈಯಲ್ಲಿ ದಾಡಿ ಮಾಡಿಕೊಳ್ಳುವ ಬ್ರಷ್ಷು. ಸಿಲಿಂಡರಿನ ಕತ್ತಿಗೆ ನೊರೆ ಬಳಿಯುತ್ತಾರೆ, ಉಸಿರು ಬಿಗಿಹಿಡಿದು ನೋಡುತ್ತಾರೆ, ಮುಂದಿನದಕ್ಕೆ ಸರಿಯುತ್ತಾರೆ.

ಆಳಂದ ತಾಲ್ಲೂಕಿನ ಮಟಕಿ ಊರಿನ ಈ ಉಗ್ರಾಣದಲ್ಲಿ ಸರ್ಕಾರ ಆಪತ್ಕಾಲಕ್ಕೆಂದು ಕೂಡಿಟ್ಟ ಹೀಲಿಯಂ ಇದೆ. ನಮ್ಮಲ್ಲಿ ಹೀಲಿಯಂ ಸಿಗುವುದು ತೀರ ಕಡಿಮೆ, ಬಹುಪಾಲು ಹಡಗಿನಲ್ಲಿ ಹೊರದೇಶದಿಂದಲೇ ಬರಬೇಕು. ಬರುವುದು ನಿಂತ ದಿನ ಈ ಉಗ್ರಾಣದ ಬಾಗಿಲು ತೆರೆಯುತ್ತದೆ. ಇಲ್ಲಿಂದ ಹೋದ ಅನಿಲವನ್ನು ದೊಡ್ಡ ಊರಿನ ಸ್ಥಾವರದಲ್ಲಿ ವಿಪರೀತ ತಣ್ಣಗಾಗಿಸಿ, ದ್ರವ ಮಾಡಿ, ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳಿಗೆ ತುಂಬುತ್ತಾರೆ. ಅದಿಲ್ಲದೆ ಆ ಯಂತ್ರಗಳು ನಡೆಯವು.

ಹದಿನಾರು ಸಿಲಿಂಡರುಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಎಲ್ಲಕ್ಕೂ ಸೇರಿ ಒಂದು ಗೇಜು ಕೂರಿಸಿದರೆ ಅದೊಂದು ಕಟ್ಟು. ಅಂಥವು ಇಲ್ಲಿ ಮೂವತ್ತಾರು. ದಿನಕ್ಕೆ ಮೂವತ್ತಾರು ಗೇಜುಗಳ ಮುಳ್ಳು ನೋಡಬೇಕು, ಆರು ಕಟ್ಟುಗಳ ಒಂದೊಂದು ಜೋಡಣೆಗೂ ಸೋಪು ಬಳಿಯಬೇಕು. ವಾರಕ್ಕೆ ಆರುನೂರು ಚಿಲ್ಲರೆ ಜೋಡಣೆಗಳು ಗೌಸಿಯಾಬೇಗಂ ಅವರ ಕಣ್ಣೆದುರು ಹಾದುಹೋಗುತ್ತವೆ. ಇದೆಲ್ಲ ಸೂರ್ಯ ಮೇಲೇರುವುದರೊಳಗೆ ಮುಗಿಯಬೇಕು.

“ಬಿಸಲ ಏರಿದ ಮ್ಯಾಲ ಮುಳ್ಳು ಖರೇ ಹೇಳಂಗಿಲ್ರಿ. ಕಬ್ಬಣ ಕಾಯ್ತದ, ಒಳಗಿನ ಹವಾ ಉಬ್ತದ, ಮುಳ್ಳು ಸುಮ್ನ ಮ್ಯಾಲ ಹೋಗ್ತದ. ನಸುಕಿನ್ಯಾಗ ಅಷ್ಟ ಅದು ಖರೇ ಹೇಳೋದು” ಎನ್ನುತ್ತಾರೆ ಅವರು, ಕೈ ನಿಲ್ಲಿಸದೆ.

ಅವರು ಓದಿದ್ದು ಮಟಕಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ. ಮದುವೆಯಾಗಿ ಬಂದ ಮನೆಯದೇ ಒಂದು ಪಂಕ್ಚರ್ ಅಂಗಡಿ ಇತ್ತು. ಗಂಡ ಮಸೂದ ಅವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗತೊಡಗಿದಾಗ ಟ್ಯೂಬು, ಪಂಪು, ಉಜ್ಜುವ ಅರ ಎಲ್ಲ ಇವರ ಕೈಗೆ ಬಂತು. ಹೆಂಗಸು ಪಂಕ್ಚರ್ ಹಾಕುತ್ತಾಳೆಂದು ಮೊದಮೊದಲು ಜನ ನಿಂತು ನೋಡುತ್ತಿದ್ದರಂತೆ. ಆಮೇಲಾಮೇಲೆ, ಬೇರೆಯವರು ಹಾಕಿದ ಪಂಕ್ಚರ್ ನಿಲ್ಲದಿದ್ದರೆ ಇವರಲ್ಲಿಗೇ ಹುಡುಕಿಕೊಂಡು ಬರುತ್ತಿದ್ದರು. ಟ್ಯೂಬಿಲ್ಲದ ಟೈರುಗಳು ಬಂದವು, ಗಿರಾಕಿ ಕಡಿಮೆಯಾದರು. ಆ ಹೊತ್ತಿಗೆ ಉಗ್ರಾಣದಲ್ಲಿ ಕಸ ಗುಡಿಸುವ ಗುತ್ತಿಗೆ ಕೆಲಸಕ್ಕೆ ಜನ ಬೇಕೆಂದು ತಿಳಿಯಿತು.

ಆ ಕೆಲಸಕ್ಕೆ ಯಾರೂ ಮುಂದೆ ಬಂದಿರಲಿಲ್ಲ. ಗ್ಯಾಸಿನ ಗೋದಾಮು ಸಿಡಿದರೆ ಮೂರು ಊರು ಹಾರಿಹೋಗುತ್ತವೆ ಎಂಬ ಮಾತು ಕಿಣ್ಣಿ ಸುಲ್ತಾನ ಎಂಬ ಊರಿನವರೆಗೂ ಹಬ್ಬಿತ್ತು. ಗೌಸಿಯಾಬೇಗಂ ನೇರವಾಗಿ ಮೇಲ್ವಿಚಾರಕ ಸಂಜುಕುಮಾರ ಅವರನ್ನೇ ಹೋಗಿ ಕೇಳಿದರು. ಇದು ಉರಿಯುವ ಅನಿಲವಲ್ಲ, ಆದರೆ ಮಹಾ ಸಣ್ಣದು, ಕೂದಲೆಳೆಯ ಸಂದು ಸಿಕ್ಕರೂ ನುಸುಳಿಬಿಡುತ್ತದೆ, ಒಮ್ಮೆ ಹೊರಬಿದ್ದರೆ ಮೇಲೆ ಮೇಲೆ ಹೋಗಿ ಭೂಮಿಯನ್ನೇ ಬಿಟ್ಟು ಹೋಗುತ್ತದೆ, ಮತ್ತೆ ಹಿಡಿಯಲಾಗದು ಎಂದು ಅವರು ವಿವರಿಸಿದರು. ಗೌಸಿಯಾಬೇಗಂ ಮರುದಿನವೇ ಪೊರಕೆ ಹಿಡಿದರು. ವರ್ಷ ತುಂಬುವುದರೊಳಗೆ ಪೊರಕೆಯ ಜತೆಗೆ ಸೋಪಿನ ಡಬ್ಬಿಯೂ ಅವರದಾಯಿತು.

“ಟ್ಯೂಬ್ ನೀರಾಗ ಅದ್ದಿ ಗುಳ್ಳಿ ಎಲ್ಲಿ ಬರ್ತದ ಅಂತ ನೋಡೋದು ನಂಗ ಹೊಸಾದಲ್ರಿ. ಇಲ್ಲಿ ಬಂದ ಮ್ಯಾಲ ಟ್ಯೂಬ್ ಜರಾ ದೊಡ್ಡದಾಗ್ಯದ, ಅಷ್ಟ.”

ಬಂಧುಬಳಗಕ್ಕೆ ಮಾತ್ರ ಹೀಲಿಯಂ ಎಂದರೆ ಬಲೂನು. ಮೈದುನ ಯಾಸೀನ ತನ್ನ ಮನೆಯ ಸಮಾರಂಭಕ್ಕೆ ಒಂದಿಪ್ಪತ್ತು ಬಲೂನು ತುಂಬಿಸಿಕೊಡು ಎಂದು ಬಂದು ಕೂತಿದ್ದರಂತೆ. ಭಾಬಿ ಚಹಾ ಕೊಟ್ಟರು, ಬಜಿ ಕರಿದು ಕೊಟ್ಟರು, ಹೀಲಿಯಂ ಕೊಡಲಿಲ್ಲ. ಬಾಯಿಂದ ಊದಿ ಕಟ್ಟಿದ ಬಲೂನುಗಳ ಕೆಳಗೇ ಸಮಾರಂಭ ನಡೆಯಿತು. ಊದಿದವರಲ್ಲಿ ಗೌಸಿಯಾಬೇಗಂ ಕೂಡ ಇದ್ದರು.

ಅವರ ಬದುಕಿನ ದೊಡ್ಡ ಪರೀಕ್ಷೆ ನಡೆದದ್ದು ಎರಡು ವರ್ಷದ ಹಿಂದೆ, ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳಲ್ಲಿ. ಕಚೇರಿಯ ರಿಜಿಸ್ಟರಿನಲ್ಲಿ ಆಗ ‘ಸರಿ ಇದೆ’ ಎಂದಷ್ಟೇ ಬರೆಯುವ ರೂಢಿಯಿತ್ತು. ಗೌಸಿಯಾಬೇಗಂ ಮಾತ್ರ ಮೂವತ್ತಾರು ಮುಳ್ಳುಗಳೂ ಎಲ್ಲೆಲ್ಲಿ ನಿಂತಿವೆ ಎಂದು ದಿನವೂ ತಮ್ಮದೊಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಒಂದು ದಿನ ಹಿಂದಿನ ಪುಟಗಳನ್ನು ತಿರುವುತ್ತಿದ್ದಾಗ ಹತ್ತೊಂಬತ್ತನೆಯ ಕಟ್ಟಿನ ಬಳಿ ಅವರ ಬೆರಳು ನಿಂತಿತು. ಚಳಿಗಾಲದಲ್ಲಿ ಮುಳ್ಳು ಎಲ್ಲಿತ್ತೋ ಈಗಲೂ ಅಲ್ಲೇ ಇದೆ. ಸೋಪು ಹಚ್ಚಿ ನೋಡಿದರೆ ಗುಳ್ಳೆ ಏಳಲಿಲ್ಲ. ಆದರೂ ಅವರು ಹೋಗಿ ಸಂಜುಕುಮಾರ ಅವರಿಗೆ ಇದು ಸೋರುತ್ತಿದೆ ಎಂದು ಹೇಳಿದರು.

ಮುಳ್ಳು ಇಳಿದೇ ಇಲ್ಲ, ಇಳಿಯದ ಮುಳ್ಳಿಗೆ ಸೋರಿಕೆ ಎಂದು ಬರೆಯುವುದು ಹೇಗೆ ಎಂದು ಸಂಜುಕುಮಾರ ಕೇಳಿದರು. ಕೇಳಿದ್ದು ತಪ್ಪೇನೂ ಅಲ್ಲ. ಆಗ ಗೌಸಿಯಾಬೇಗಂ ಹೇಳಿದ ಮಾತನ್ನು ಸಂಜುಕುಮಾರ ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾರೆ.

“ಇಳಿದಿಲ್ರಿ ಸರ, ಖರೇ. ಆದ್ರ ಏರಬೇಕಾಗಿತ್ತು, ಏರಿಲ್ಲ. ಉಳಿದ ಮೂವತ್ತೈದೂ ಒಂದೊಂದು ಗೆರಿ ಮ್ಯಾಲ ಹೋಗ್ಯಾವ. ಇದಕ್ಕೊಂದಕ್ಕ ಬ್ಯಾಸಗಿ ಬಂದಿಲ್ಲೇನ್ರಿ?”

ಸಂಜುಕುಮಾರ ನಕ್ಕು, ಗೇಜು ಹಳೆಯದಾಗಿರಬೇಕು, ಮುಂದಿನ ತಪಾಸಣೆಯಲ್ಲಿ ನೋಡೋಣ ಎಂದರು. ರಿಜಿಸ್ಟರಿನಲ್ಲಿ ಸೋರಿಕೆ ಎಂಬ ಶಬ್ದ ಬಿದ್ದರೆ ಮೇಲಿನಿಂದ ವಿಚಾರಣೆ ಬರುತ್ತದೆ, ಅದೂ ಸುಳ್ಳೆಂದಾದರೆ ಬರೆದವರು ಉತ್ತರ ಕೊಡಬೇಕು. ಗೌಸಿಯಾಬೇಗಂ ಅವರ ಗುತ್ತಿಗೆ ಅದೇ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅವರು ಮನೆಗೆ ಹೋಗಿ ಮಸೂದ ಅವರ ಮುಂದೆ ಎಲ್ಲ ಹೇಳಿಕೊಂಡರು. ಮಸೂದ, ರಾತ್ರಿಗೆ ಗಟ್ಟಿಯಿದ್ದು ಬೆಳಗ್ಗೆ ಮೆತ್ತಗಾಗುವ ಟ್ಯೂಬು ನೆನಪಿದೆಯಾ ಎಂದು ಕೇಳಿದರು. ಅಂಥ ಟ್ಯೂಬಿನ ಗುಳ್ಳೆಗೆ ಅವಸರ ಮಾಡಬಾರದು, ಕೂತು ಕಾಯಬೇಕು ಎಂದರು.

ಮರುದಿನ ಗೌಸಿಯಾಬೇಗಂ ರಿಜಿಸ್ಟರಿನಲ್ಲಿ ದುಂಡನೆಯ ಅಕ್ಷರದಲ್ಲಿ ‘ಹತ್ತೊಂಬತ್ತನೇ ಕಟ್ಟು ಸೋರುತ್ತಿದೆ’ ಎಂದು ಬರೆದು ಹೆಸರು ಹಾಕಿದರು.

ಸಂಜುಕುಮಾರ ಅದನ್ನು ಓದಿದರು. ಸಿಟ್ಟು ಬಂದಿತ್ತು ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಆದರೆ ಹಾಳೆ ಹರಿಯಲಿಲ್ಲ. ಮರುದಿನ ಐದು ಗಂಟೆಗೇ ಬಂದು ಬ್ಯಾಟರಿ ಹಿಡಿದು ನಿಂತರು. ಗೌಸಿಯಾಬೇಗಂ ತಮ್ಮ ಮಗಳು ಗುಲನಾಜಳ ಕೈಗನ್ನಡಿ ತಂದಿದ್ದರು. ಕಟ್ಟಿನ ಹಿಂಬದಿ ಗೋಡೆಗೆ ಆತುಕೊಂಡಿತ್ತು, ಜೋಡಣೆಗಳ ಅಡಿಭಾಗ ಕಾಣುತ್ತಿರಲಿಲ್ಲ. ಅವರು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಸಂದಿನಲ್ಲಿ ಕೈ ತೂರಿಸಿ, ಒಂದೊಂದಕ್ಕೂ ಸೋಪು ಬಳಿದು, ಕೆಳಗಿನಿಂದ ಕನ್ನಡಿ ಹಿಡಿದರು. ಆರು ಜೋಡಣೆ ನೋಡಿದರು, ಏನೂ ಇಲ್ಲ. ಏಳನೆಯದರಲ್ಲೂ ಏನೂ ಕಾಣಲಿಲ್ಲ. ಸಂಜುಕುಮಾರ ಬ್ಯಾಟರಿ ಆರಿಸಲು ಹೊರಟರು.

“ಜರಾ ನಿಲ್ರಿ ಸರ. ಇನ್ನೂ ಜರಾ ನಿಲ್ರಿ.”

ಇಬ್ಬರೂ ಕಾದರು. ಕನ್ನಡಿಯೊಳಗೆ, ನೊರೆಯ ನಡುವೆ, ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಮೂಡಿತು. ಬಹಳ ಹೊತ್ತಿನ ಮೇಲೆ ಅದರ ಪಕ್ಕಕ್ಕೆ ಇನ್ನೊಂದು. ಸಂಜುಕುಮಾರ ಬಂದು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು. “ಆಪಾ, ನಂದ ತಪ್ಪಾಯ್ತು” ಎಂದಷ್ಟೇ ಹೇಳಿ ರಿಜಿಸ್ಟರು ತರಿಸಿ, ಅವರ ಹೆಸರಿನ ಕೆಳಗೆ ತಮ್ಮ ಸಹಿ ಹಾಕಿದರು.

ಬಿಚ್ಚಿ ನೋಡಿದಾಗ ಒಳಗಿನ ವಾಶರ್ ಸೀಳಿತ್ತು. ಅದೇ ಕಂತಿನಲ್ಲಿ ಬಂದ ವಾಶರುಗಳು ಇನ್ನೂ ಹನ್ನೊಂದು ಕಟ್ಟುಗಳಲ್ಲಿದ್ದವು, ಕೆಲವು ಆಗಲೇ ಗಡುಸಾಗಿ ಬಿರುಕು ಬಿಡುತ್ತಿದ್ದವು. ನಡುಬೇಸಿಗೆ ಬರುವುದರೊಳಗೆ ಎಲ್ಲವನ್ನೂ ಬದಲಿಸಿದರು. ಮಳೆಗಾಲದಲ್ಲಿ ಹೊರದೇಶದ ಸರಬರಾಜು ನಿಂತೇಹೋಯಿತು. ಒಂಬತ್ತು ವಾರ ಹಡಗು ಬರಲಿಲ್ಲ. ಉಗ್ರಾಣದ ಬಾಗಿಲು ತೆರೆಯಿತು. ಇಪ್ಪತ್ತೆರಡು ಕಟ್ಟುಗಳು ಲಾರಿ ಹತ್ತಿ ಹೋದವು, ಒಂದೂ ಅರೆಬರೆಯಾಗಿ ಹೋಗಲಿಲ್ಲ. ಆ ಒಂಬತ್ತು ವಾರ ಹಲವು ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳು ಎಂದಿನಂತೆ ಯಂತ್ರದೊಳಗೆ ಮಲಗಿ ಎದ್ದು ಬಂದರು. ಅವರಲ್ಲಿ ಯಾರಿಗೂ ಮಟಕಿಯ ಹೆಸರು ಗೊತ್ತಿರಲಿಲ್ಲ.

ಕೊನೆಯ ಲಾರಿ ಹೊರಟಾಗ ಗೇಟಿನಲ್ಲಿ ನಿಂತಿದ್ದ ಗೌಸಿಯಾಬೇಗಂ ಅವರ ಕಣ್ಣು ತುಂಬಿ ಬಂದಿತ್ತು ಎಂದು ಚಾಲಕ ಗುರುಶಾಂತ ಹೇಳುತ್ತಾರೆ. ಅದು ಕಬ್ಬಿನ ಟ್ರ್ಯಾಕ್ಟರಿನ ಹೊಗೆ ಎಂಬುದು ಗೌಸಿಯಾಬೇಗಂ ಅವರ ವಾದ. ಮಳೆಗಾಲದಲ್ಲಿ ಕಬ್ಬಿನ ಟ್ರ್ಯಾಕ್ಟರು ಎಲ್ಲಿತ್ತು ಎಂದು ಕೇಳಿದರೆ ಸೆರಗು ಸರಿಮಾಡಿಕೊಂಡು ಬೇರೆ ಮಾತು ತೆಗೆಯುತ್ತಾರೆ.

ಅವರ ಗುತ್ತಿಗೆ ಮುಂದುವರಿಯಿತು. ಹೊಸ ರಿಜಿಸ್ಟರಿನಲ್ಲಿ ಬೆಳಗಿನ ತಾಪಮಾನಕ್ಕೊಂದು, ಮುಳ್ಳಿನ ಲೆಕ್ಕಕ್ಕೊಂದು, ನೋಡಿದವರ ಹೆಸರಿಗೊಂದು ಅಂಕಣ ಬಂದಿದೆ. ಖಾಲಿ ಕಟ್ಟುಗಳೆಲ್ಲ ಮತ್ತೆ ತುಂಬಿ ಬಂದು ಸಾಲಾಗಿ ನಿಂತಿವೆ. ಕಿಣ್ಣಿ ಸುಲ್ತಾನದ ಸಂಘಮಿತ್ರಾ ಎಂಬ ಹೆಣ್ಣುಮಗಳು ಈಗ ಇವರ ಕೈಕೆಳಗೆ ಕೆಲಸ ಕಲಿಯುತ್ತಿದ್ದಾರೆ. ಸೋಪು ಬಳಿಯುವುದು ಒಂದೇ ದಿನಕ್ಕೆ ಬಂತು, ಬಳಿದ ಮೇಲೆ ಸುಮ್ಮನೆ ಕಾಯುವುದನ್ನು ಕಲಿಯಲು ಮೂರು ತಿಂಗಳು ಹಿಡಿಯಿತು ಎಂದು ಸಂಘಮಿತ್ರಾ ನಗುತ್ತಾರೆ.

ಬಿಸಿಲು ತಗಡಿಗೆ ತಾಕುತ್ತಿದೆ. ಇವತ್ತಿನ ಆರು ಕಟ್ಟು ಮುಗಿದಿವೆ. ಇನ್ನೇನು ಬೇಕು ನಿಮಗೆ, ಕಾಯಂ ಕೆಲಸವೇ, ಸನ್ಮಾನವೇ ಎಂದು ಕೇಳಿದರೆ ಗೌಸಿಯಾಬೇಗಂ ಬ್ರಷ್ಷನ್ನು ಡಬ್ಬಿಯೊಳಗೆ ಇಳಿಸುತ್ತಾರೆ. ಕಾಯಂ ಮಾಡಿದರೆ ಬೇಡವೆನ್ನುವುದಿಲ್ಲ ಎಂದು ನಗುತ್ತಾರೆ. ಆಮೇಲೆ ಸಾಲಾಗಿ ನಿಂತ ಕಟ್ಟುಗಳ ಕಡೆ ನೋಡುತ್ತಾರೆ.

“ಇವೆಲ್ಲ ಒಂದಿನ ಖಾಲಿ ಆಗಾವೇ ಅದಾವ್ರಿ. ಆಗ್ಲಿ. ಆದ್ರ ಯಾರಿಗರ ಕೆಲಸಕ್ಕ ಬಂದು ಖಾಲಿ ಆಗಬೇಕು, ಸುಮ್ನ ಹವಾದಾಗ ಹೋಗಬಾರದು. ನಾ ಇರೋತನಕ ಅಷ್ಟು ನೋಡಕೋತೇನಿ.”