ಕಚ್ಚಾ ಹೊಲಿಗೆಯ ಚೀಲ

ತುಂಡು ಮಾಸ್ಟರ್ ಎಂದರೆ ಆ ಬೀದಿಗೆಲ್ಲ ಗೊತ್ತು. ಕೆಲಸದಲ್ಲಿ ದರ್ಜಿ. ಅಂಗಡಿಯಲ್ಲಿ ಒಂದು ತುಂಡು ಬಟ್ಟೆಯನ್ನಾಗಲಿ, ಗೇಣುದ್ದದ ನೂಲನ್ನಾಗಲಿ ಎಸೆದವರಲ್ಲ. ಅದಕ್ಕೇ ಆ ಹೆಸರು. ಗಿರಾಕಿಯ ಅಂಗಿಯಿಂದ ಉದುರಿದ ಮುರುಕು ಗುಂಡಿಗೂ ಅವರಲ್ಲಿ ಒಂದು ಡಬ್ಬಿ, ಆ ಡಬ್ಬಿಗೊಂದು ಮುಚ್ಚಳ. ಹೊಲಿಗೆಯಂತೂ ಗಟ್ಟಿಯೋ ಗಟ್ಟಿ. ಪ್ಯಾಂಟು ಹರಿದುಹೋದರೂ ಮಾಸ್ಟರ್ ಹಾಕಿದ ಹೊಲಿಗೆ ಬಿಚ್ಚುವುದಿಲ್ಲ ಎಂದು ಗಿರಾಕಿಗಳು ಹೊಗಳುತ್ತಿದ್ದರು.

ಮನೆಯ ಮಾತು ಬೇರೆ. ದಿಂಬು, ಪರದೆ, ಹೆಂಡತಿಯ ಕೈಚೀಲ, ಎಲ್ಲಕ್ಕೂ ಕಚ್ಚಾ ಹೊಲಿಗೆ. ಸೂಜಿ ಹಿಡಿದು ದೂರದೂರಕ್ಕೆ ನಾಲ್ಕು ಎಳೆ ಓಡಿಸಿ, "ಆಮೇಲೆ ಮಷೀನಿಗೆ ಹಾಕ್ತೀನಿ" ಎಂದುಬಿಡುವುದು. ಆ 'ಆಮೇಲೆ' ಮೂವತ್ತು ವರ್ಷವಾದರೂ ಬಂದಿರಲಿಲ್ಲ.

"ಗಿರಾಕಿಗೆ ಪಕ್ಕಾ, ಕಟ್ಕೊಂಡೋಳಿಗೆ ಕಚ್ಚಾ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳುತ್ತಲೇ ಅಂಗಡಿಯ ಅಂಗಿಗಳಿಗೆಲ್ಲ ಮನೆಯಲ್ಲಿ ಕೂತು ಕಾಜಾ ಹಾಕಿ, ಗುಂಡಿ ಹಚ್ಚಿಕೊಡುತ್ತಿದ್ದವಳೂ ಅವಳೇ.

ಮಾಸ್ಟರ ರಕ್ತದಲ್ಲಿ ಕೊಬ್ಬು ಏರಿದೆ, ಹೃದಯದ ಮೇಲೆ ಕಣ್ಣಿಡಬೇಕು ಎಂದು ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟ ದಿನ ಅವಳ ಜೀವವೇ ಹಾರಿದಂತಾಯಿತು. ಅವಳ ಅಣ್ಣ ಎದೆನೋವಿನಿಂದ ತೀರಿಕೊಂಡಿದ್ದ. "ತಗೊಂಡೆ, ತಗೊಂಡೆ" ಎಂದು ಎಲ್ಲರನ್ನೂ ನಂಬಿಸಿದವನ ಕೋಟಿನ ಒಳಜೇಬಿನಲ್ಲಿ ಆಮೇಲೆ ಮೂರು ಪಟ್ಟಿ ಮಾತ್ರೆ ಸಿಕ್ಕವು, ಒಂದೂ ಒಡೆದಿರಲಿಲ್ಲ. ಆ ಕೋಟು ಹೊಲಿದಿದ್ದವರು ಮಾಸ್ಟರೇ.

ಸುದ್ದಿ ಕೇಳಿ ಅಣ್ಣನ ಹೆಂಡತಿ, ಅಂದರೆ ಅತ್ತಿಗೆ, ಐದು ಕೆಜಿ ಅಗಸೆ ಬೀಜದ ಮೂಟೆಯನ್ನೇ ಹೊತ್ತುತಂದರು. "ಹುರಿದಿಟ್ಕೊಂಡು ದಿನಾ ಎರಡು ಚಮಚ ಅಗಿದು ತಿನ್ನಲಿ. ನಮ್ಮನೆಯವರಿಗೆ ಇದನ್ನಾದ್ರೂ ಕೊಡಬೇಕಿತ್ತು," ಎಂದು ಕಣ್ಣೊರೆಸಿಕೊಂಡರು. ಹಾಗೆ ಬಂದದ್ದನ್ನು ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಹೆಂಡತಿ ದಿನವೂ ಎರಡು ಚಮಚ ಅಳೆದು ಪುಟ್ಟ ಡಬ್ಬಿಗೆ ಹಾಕಿ ಅಂಗಡಿಗೆ ಕಳಿಸತೊಡಗಿದಳು. ಮೊದಲ ದಿನ ಮಾಸ್ಟರ್ ಪ್ರಾಮಾಣಿಕವಾಗಿ ಅಗಿದರು. ಅರ್ಧ ಹಲ್ಲಿನ ಸಂದಿಗೆ ಹೋಯಿತು, ಉಳಿದರ್ಧ ಗೋಂದಿನಂತೆ ಗಂಟಲಿಗೆ ಅಂಟಿತು. ಮಧ್ಯಾಹ್ನದವರೆಗೂ ಗಿರಾಕಿಗಳ ಎದುರು ಬಾಯಿ ಬಿಡಲಾಗದೆ ಸನ್ನೆಯಲ್ಲೇ ಅಳತೆ ತೆಗೆದರು. ಎರಡನೆಯ ದಿನ ಡಬ್ಬಿ ತೆರೆದು, ವಾಸನೆ ನೋಡಿ, ಮುಚ್ಚಿದರು. ಎಸೆಯೋಣವೆಂದರೆ ಕೈ ಬರಲಿಲ್ಲ. ತುಂಡು ಬಟ್ಟೆ ಎಸೆಯದ ಕೈ, ಅನ್ನಕ್ಕೆ ಸಮವಾದದ್ದನ್ನು ಎಸೆಯುತ್ತದೆಯೇ!

ಒಂದು ವಾರ ಕೂಡಿಟ್ಟ ಬೀಜವನ್ನು ಹಳೆಯ ಸೂಜಿದಿಂಬಿಗೆ ತುಂಬಿ ನೋಡಿದರು. ನುಣುಪು ಬೀಜ, ಸೂಜಿ ಸಲೀಸಾಗಿ ಇಳಿಯಿತು. ಮುಂದಿನ ತಿಂಗಳು ನಾಲ್ಕು ಪುಟ್ಟ ಚೀಲಗಳಾದವು. ಕತ್ತರಿಸುವಾಗ ಜಾರುವ ಬಟ್ಟೆಯ ಮೇಲೆ ಮೊದಲು ಕಲ್ಲು ಇಡುತ್ತಿದ್ದರು, ಅದು ರೇಷ್ಮೆಯ ಎಳೆ ಕೀಳುತ್ತಿತ್ತು. ಈ ಚೀಲಗಳು ಇಟ್ಟಲ್ಲಿ ಮೆತ್ತಗೆ ಕೂತವು. ಆಮೇಲೆ ತೋಳಿಗೆ ಇಸ್ತ್ರಿ ಹಾಕಲು ಒಂದು ದುಂಡನೆಯ ದಿಂಬು. ಮೋಸ ಎಂದರೆ ಮೋಸವೇ, ನಿಜ. ಆದರೆ ಇಷ್ಟೊಂದು ಕೆಲಸಕ್ಕೆ ಬಂದ ಮೋಸ ಅಪರೂಪ.

ಅತ್ತ ಮೂಟೆ ಇಳಿಯುವುದನ್ನು ನೋಡಿ ಹೆಂಡತಿ ಹಿಗ್ಗುತ್ತಿದ್ದಳು. ಕಾಜಾ ಹಾಕಿ ಹಾಕಿ ಅವಳ ಕತ್ತು ಹಿಡಿದುಕೊಂಡಾಗ ಮಾಸ್ಟರಿಗೆ ಕರುಳು ಚುರುಕ್ ಎಂದಿತು. ಮೊಳದುದ್ದದ ಚೀಲ ಹೊಲಿದು, ಬೀಜ ತುಂಬಿ, ಬಾಯಿಗೆ ಸೂಜಿಯಲ್ಲಿ ನಾಲ್ಕು ಎಳೆ ಓಡಿಸಿ ತಂದುಕೊಟ್ಟರು. ಒಣ ಬಾಣಲೆಯ ಮೇಲೆ ಬಿಸಿ ಮಾಡಿ ಕತ್ತಿಗೆ ಸುತ್ತಿಕೊಂಡರೆ ಹಾಯೆನಿಸುತ್ತಿತ್ತು.

"ಒಳಗೇನ್ರೀ ಇರೋದು?"

"ಮರಳು. ಹೊಳೆ ಮರಳು."

ಎರಡು ವಾರ ಅವಳಿಗೆ ಆ ಚೀಲವಿಲ್ಲದೆ ಬೆಳಗಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಾಸ್ಟರ್ ಸ್ನಾನ ಮುಗಿಸಿ ಬಂದರೆ, ಅಡುಗೆಮನೆಯ ನೆಲದ ತುಂಬ ಕಂದು ಬೀಜ. ಕಚ್ಚಾ ಹೊಲಿಗೆ ತನ್ನ ಬುದ್ಧಿ ತೋರಿಸಿತ್ತು. ಹೆಂಡತಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಹೊಳೆ ಮರಳು ಚೆನ್ನಾಗಿ ಹುರಿದಿದೆ," ಎಂದಳು.

ಮಾಸ್ಟರ್ ತಲೆ ತಗ್ಗಿಸಿದರು. "ಮೊದಲನೇ ದಿನ ತಿಂದೆ ಕಣೇ. ಆಮೇಲೆ ಆಗಲಿಲ್ಲ."

"ಮತ್ತೆ ಮಾತ್ರೆ?"

"ಅದನ್ನ ಒಂದು ದಿನಾನೂ ಬಿಟ್ಟಿಲ್ಲ. ಅಂಗಡಿ ಬಾಗಿಲು ತೆಗೆದ ತಕ್ಷಣ ನುಂಗ್ತೀನಿ."

"ನಮ್ಮಣ್ಣನೂ ಹೀಗೇ ಅಂತಿದ್ದ."

ಅವಳು ಸಿಟ್ಟಾಗಿದ್ದರೆ ಮಾಸ್ಟರ್ ಹೇಗೋ ಸಮಾಧಾನ ಮಾಡುತ್ತಿದ್ದರು. ಆದರೆ ಅವಳು ಹೆದರಿದ್ದಳು. ಆಣೆ ಇಡೋಣವೆಂದರೆ, ಮರಳು ಎಂದು ಹೇಳಿದ ಅದೇ ಬಾಯಿಯ ಆಣೆಗೆ ಏನು ಬೆಲೆ? ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

"ನಡೀರಿ ಅಂಗಡಿಗೆ," ಎಂದು ಅವಳು ಬೀಜ ಗುಡಿಸಿ ಬಿಚ್ಚಿದ ಚೀಲಕ್ಕೇ ತುಂಬಿ, ಬಾಯಿ ಮಡಚಿ ಬಗಲಲ್ಲಿ ಇಟ್ಟುಕೊಂಡು ಹೊರಟಳು.

ಬಾಗಿಲು ತೆಗೆದದ್ದೇ ಗೋಡೆಗೆ ನೇತುಹಾಕಿದ್ದ ಮಾಸ್ಟರ ಕೋಟಿಗೆ ಕೈ ಹಾಕಿದಳು. ಒಳಜೇಬಿನಲ್ಲಿ ಸೀಮೆಸುಣ್ಣದ ಚೂರು, ಅಷ್ಟೇ. ಸೂಜಿದಿಂಬು ಒತ್ತಿದಳು.

"ಇದೂನಾ?"

"ಹೂಂ."

ನಾಲ್ಕು ಚೀಲಗಳನ್ನು ಒಂದೊಂದಾಗಿ ಎತ್ತಿದಳು. "ಇವೂ?"

"ಅವೂ. ಆ ತೋಳಿನ ದಿಂಬೂ."

ಕೊನೆಗೆ ಮಷೀನಿನ ಖಾನೆ ಎಳೆದಳು. ಮಿಕ್ಕಿದ ನೂಲೆಲ್ಲ ಬಣ್ಣಬಣ್ಣಕ್ಕೆ ಸುತ್ತಿಟ್ಟು ಸಾಲಾಗಿ ಕೂತಿತ್ತು. ಸುತ್ತಿದ್ದು ಮಾತ್ರೆಯ ಖಾಲಿ ಪಟ್ಟಿಗಳಿಗೆ. ಹನ್ನೊಂದು ಪಟ್ಟಿ. ಒಂದೊಂದರ ನೂಲನ್ನೂ ಸರಿಸಿ, ಬೆರಳಿಟ್ಟು ನೋಡಿದಳು. ಎಲ್ಲ ಗುಳಿಯೂ ಒಡೆದಿತ್ತು. ಹನ್ನೆರಡನೆಯದರಲ್ಲಿ ಮೂರು ಮಾತ್ರೆ ಉಳಿದಿದ್ದವು, ಅದಕ್ಕಿನ್ನೂ ನೂಲು ಸುತ್ತಿರಲಿಲ್ಲ. ನುಂಗದೆ ಇದ್ದಿದ್ದರೆ ಈ ಮನುಷ್ಯ ಆ ಮಾತ್ರೆಗಳನ್ನು ಎಸೆಯುತ್ತಿದ್ದನೇ? ಇಲ್ಲೇ ಯಾವುದೋ ಡಬ್ಬಿಯಲ್ಲಿ ಇರುತ್ತಿದ್ದವು, ಮುಚ್ಚಳ ಸಮೇತ. ಅದು ಅವಳಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ.

ಅವಳು ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತು ಅತ್ತಳು. ಅಳುತ್ತಲೇ ನಕ್ಕಳು. ಮಾಸ್ಟರ್ ಆ ದಿನದ ಮಾತ್ರೆಯನ್ನು ಅವಳೆದುರೇ ನುಂಗಿ, ನೀರು ಕುಡಿದು, ನಾಲಿಗೆ ಚಾಚಿ ತೋರಿಸಿದರು.

"ಬೀಜ ಇನ್ನು ಬೇಡ ಬಿಡಿ," ಎಂದಳು ಮೂಗೊರೆಸಿಕೊಂಡು. "ಮನೇಲಿ ಅರ್ಧ ಮೂಟೆ ಇದೆ. ಅತ್ತಿಗೆ ಮೊಣಕಾಲು ನೋವಿಗೊಂದು ಚೀಲ ಹೊಲೀರಿ, ಅವರಿಗೆ ನಿಜ ನಾನೇ ಹೇಳ್ತೀನಿ. ಮೊದಲು ನಂದು."

ಮಾಸ್ಟರ್ ಅಭ್ಯಾಸಬಲದಿಂದ ಸೂಜಿಗೆ ನೂಲು ಪೋಣಿಸಹೊರಟರು. ಅವಳು ಸೂಜಿ ಕಿತ್ತುಕೊಂಡು ದಿಂಬಿಗೆ ಚುಚ್ಚಿ, ಸ್ಟೂಲು ಬಿಟ್ಟು ಎದ್ದು ನಿಂತಳು.

ಗಿರಾಕಿಯ ಎರಡು ಪ್ಯಾಂಟು ಅಂದು ಬೆಳಿಗ್ಗೆಯೇ ಕೊಡಬೇಕಿತ್ತು. ಮಾಸ್ಟರ್ ಅವನ್ನು ಪಕ್ಕಕ್ಕೆ ಸರಿಸಿ, ಚೀಲದ ಬಾಯನ್ನು ಮಷೀನಿಗೆ ಕೊಟ್ಟು ಎರಡು ಸಾಲು ಹೊಲಿಗೆ ಓಡಿಸಿದರು.

"ಸಾಕು," ಎಂದಳು ಹೆಂಡತಿ.

ಅವರು ಮೂರನೆಯ ಸಾಲೂ ಹಾಕಿದರು.